ಹೀರೋ ಕೂತ ಕಾರಿಗೆ ರೇಟು ಎಷ್ಟು?

2020ರ ಜನವರಿ 10. ಅಮೆರಿಕದ ಫ್ಲಾರಿಡಾ ರಾಜ್ಯದ ಕಿಸ್ಸಿಮ್ಮಿ ಎಂಬ ಊರು. ಹರಾಜಿನ ವೇದಿಕೆ ಮೇಲೆ ಒಂದು ಹಸಿರು ಕಾರು ಬಂದು ನಿಂತಿತು. ಪೇಂಟು ಮಂಕಾಗಿದೆ. ಅಲ್ಲಲ್ಲಿ ತುಕ್ಕು, ಅಲ್ಲಲ್ಲಿ ನುಗ್ಗು. ನಮ್ಮ ಮೆಜೆಸ್ಟಿಕ್ಕಿನಲ್ಲಿ ನಿಲ್ಲಿಸಿದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ. ಆದರೆ ಕೂಗು ನಿಂತದ್ದು ಎಲ್ಲಿ ಗೊತ್ತೇ? 34 ಲಕ್ಷ ಡಾಲರಿಗೆ! ಹರಾಜು ಕಂಪನಿಯ ಶೇಕಡಾ 10ರ ಕಮಿಷನ್ ಸೇರಿ 37 ಲಕ್ಷ 40 ಸಾವಿರ. ಆಗಿನ ನಮ್ಮ ದುಡ್ಡಿನಲ್ಲಿ 26 ಕೋಟಿ ರೂಪಾಯಿಗೂ ಮೇಲೆ!

ಇಂಗ್ಲಿಷ್ ಪಿಕ್ಚರ್ ನೋಡುವ ಚಿತ್ರರಸಿಕರಿಗೆ ಆಗಲೇ ಹೊಳೆದಿರಬೇಕು. ಹೌದು, ಅದೇ ಗಾಡಿ. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್‌ಫ್ರಾನ್ಸಿಸ್ಕೋದ ಏರು ರಸ್ತೆಗಳಲ್ಲಿ ಹಾರಿಸಿಕೊಂಡು ಹೋದ ಫೋರ್ಡ್ ಮಸ್ಟಾಂಗ್. ಹತ್ತು ನಿಮಿಷಕ್ಕೂ ಮೇಲೆ ನಡೆಯುವ ಆ ಚೇಸಿಂಗ್ ದೃಶ್ಯದಲ್ಲಿ ಖಳರ ಕರೀ ಡಾಡ್ಜ್ ಚಾರ್ಜರ್ ಮುಂದೆ, ನಮ್ಮ ಹೀರೋ ಹಿಂದೆ. ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ಕಾರಿಗೆ ಏನೂ ಬರಲಿಲ್ಲ. ಷೂಟಿಂಗ್ ಮುಗಿದ ಮೇಲೆ ಸ್ಟುಡಿಯೋದ ನೌಕರನೊಬ್ಬನಿಗೆ ಹೋಯ್ತು, ಅವನಿಂದ ಒಬ್ಬ ಪೊಲೀಸು ಪತ್ತೇದಾರನಿಗೆ ಹೋಯ್ತು, 1974ರಲ್ಲಿ ಪತ್ರಿಕೆಯ ಜಾಹೀರಾತು ನೋಡಿದ ಒಬ್ಬ ಸಂಸಾರಸ್ಥ 6 ಸಾವಿರ ಡಾಲರ್ ಕೊಟ್ಟು ಮನೆಗೆ ತಂದ. ಅವನ ಹೆಂಡತಿ ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದಳಂತೆ! 1977ರಲ್ಲಿ ಸಾಕ್ಷಾತ್ ಮೆಕ್ವೀನನೇ ಕಾಗದ ಬರೆದು, ಕಾರು ನನಗೆ ವಾಪಸ್ ಕೊಡಿ ಎಂದು ಕೇಳಿದ. ಆ ಮನುಷ್ಯ ಕೊಡಲಿಲ್ಲ. 1980ರಲ್ಲಿ ಕ್ಲಚ್ ಹೋಯ್ತು, ಗಾಡಿ ಮೂಲೆ ಸೇರಿತು. 2018ರಲ್ಲಿ ಮಗ ಅದನ್ನು ಡೆಟ್ರಾಯಿಟ್ಟಿನ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿದ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋದ ವರ್ಷ ನನ್ನ ಗೆಳೆಯನೊಬ್ಬ ಇದೇ ಕತೆ ಯೂಟ್ಯೂಬಿನಲ್ಲಿ ನೋಡಿ ತಲೆ ಕೆಡಿಸಿಕೊಂಡ. ಅವನ ಅಪ್ಪ ನೆಲಮಂಗಲದ ಹತ್ತಿರ ಇದ್ದ ಒಂದು ಸೈಟು ಮಾರಿ ಬಂದ 12 ಲಕ್ಷ ಬ್ಯಾಂಕಿನಲ್ಲಿತ್ತು. ಆ ದುಡ್ಡಿಗೆ ಇವನು ಕಣ್ಣು ಹಾಕಿದ. "ಮಗಾ, ಮೂಡಿಗೆರೆ ಕಡೆ ಒಂದು ತೋಟದ ಶೆಡ್ಡಲ್ಲಿ ಎಂ.ಜಿ. ಸ್ಪೋರ್ಟ್ಸ್ ಕಾರ್ ಇದೆ ಕಣೋ. ಬ್ಲಾಕ್ ಅಂಡ್ ವೈಟ್ ಕಾಲದ ನಮ್ಮ ದೊಡ್ಡ ಹೀರೋ ಒಬ್ಬರು ಅದನ್ನ ಪಿಕ್ಚರಲ್ಲಿ ಓಡ್ಸಿದಾರಂತೆ. 18 ಲಕ್ಷ ಹೇಳ್ತಿದಾರೆ. ಷೂಟಿಂಗಿಗೆ, ಮದುವೆಗೆ ಬಾಡಿಗೆ ಬಿಟ್ರೆ ಮೂರೇ ವರ್ಷಕ್ಕೆ ದುಡ್ಡು ವಾಪಸ್!" ಅಂದ. ಸಿನಿಮಾ ಬಗ್ಗೆ ಬರೆಯೋನು ಅಂತ ನನ್ನನ್ನು ಜೊತೆಗೆ ಕರೆದ.

ನನಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಪಿ.ಯು.ಸಿ.ಯಲ್ಲಿ ಫಿಸಿಕ್ಸ್ ಗೊತ್ತಿದ್ದಷ್ಟೇ. ಅದು ಎಷ್ಟು ಅಂತ, ಓದು ಬಿಟ್ಟವನನ್ನ ಕೇಳಬೇಡಿ! ಅದಕ್ಕೇ ಶಿವಾಜಿನಗರದ ಒಬ್ಬ ಹಳೇ ಮೆಕ್ಯಾನಿಕ್‌ನ ಜೊತೆಗೆ ಕರೆದುಕೊಂಡೆವು. ವಯಸ್ಸು ಎಪ್ಪತ್ತು ದಾಟಿದೆ. ಎಲ್ಲರಿಗೂ ಅವರು 'ಭಾಯ್'. ಹತ್ತಡಿ ದೂರದಲ್ಲಿ ಇಂಜಿನ್ ಸದ್ದು ಕೇಳಿ ಯಾವ ವಾಲ್ವು ಸಡಿಲ ಅಂತ ಹೇಳೋ ಆಸಾಮಿ.

ಹೇಳೋ ರೇಟು ಬೇರೆ, ಬಿಕರಿ ರೇಟು ಬೇರೆ

ಬಸ್ಸಿನಲ್ಲಿ ಹೋಗುವಾಗಲೇ ಭಾಯ್ ಪಾಠ ಶುರು ಮಾಡಿದರು. "ಇಂಟರ್‌ನೆಟ್ಟಲ್ಲಿ ಹಾಕಿರೋ ರೇಟು ನೋಡ್ಬೇಡಿ. ಅದು ಮಾರೋನ ಆಸೆ. ಯಾರೋ ಎಣಿಸಿ ಕೊಟ್ಟ ದುಡ್ಡು ಎಷ್ಟು, ಅದನ್ನ ಕೇಳಿ."

ಮಾತು ಸರಿ. ವಿದೇಶದಲ್ಲಿ ದೊಡ್ಡ ಹರಾಜುಗಳ ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ, ಯಾವ ಮಾಡೆಲ್ ಎಷ್ಟಕ್ಕೆ ಹೋಯ್ತು ಅಂತ ನೋಡಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನ ವ್ಯಾಪಾರ ಬಾಯಿಮಾತಿನದು, ಕೈಕುಲುಕಿ ಮುಗಿಯುವಂಥದ್ದು. ಹಾಗಾಗಿ ಅದೇ ಥರದ ಗಾಡಿ ಇಟ್ಟುಕೊಂಡಿರುವ ನಾಲ್ಕು ಜನರನ್ನು ಹುಡುಕಿ ಕೇಳುವುದೇ ದಾರಿ. ಅವರೂ ಒಂದಿಷ್ಟು ಸೇರಿಸಿಯೇ ಹೇಳುತ್ತಾರೆ, ಅದನ್ನು ಕಳೆದುಕೊಳ್ಳಬೇಕು!

ಅಮೆರಿಕದಲ್ಲಿ ಹಳೇ ಕಾರಿನ ಸ್ಥಿತಿಗೆ ನಂಬರ್ ಕೊಡುತ್ತಾರೆ. ಒಂದನೇ ನಂಬರ್ ಅಂದರೆ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವ ಗಾಡಿ. ನಾಲ್ಕನೇ ನಂಬರ್ ಅಂದರೆ ಓಡುತ್ತೆ, ಆದರೆ ಕಣ್ಣಿಗೆ ಕಾಣೋ ದೋಷ ಬೇಕಾದಷ್ಟು. ಒಂದೇ ಮಾಡೆಲ್ಲು, ಒಂದೇ ವರ್ಷ, ಆದರೂ ಒಂದಕ್ಕೂ ನಾಲ್ಕಕ್ಕೂ ಬೆಲೆಯಲ್ಲಿ ಅಜಗಜಾಂತರ. ನಾಲ್ಕರದ್ದನ್ನು ಒಂದಕ್ಕೆ ಏರಿಸೋಣ ಅಂತ ಹೊರಟರೆ ಖರ್ಚು ಆ ಅಂತರಕ್ಕಿಂತ ಜಾಸ್ತಿ ಆಗುವುದೇ ಹೆಚ್ಚು. ಈ ವ್ಯಾಪಾರದಲ್ಲಿ ಮುಳುಗಿದವರೆಲ್ಲ ಮುಳುಗಿದ್ದು ಅಲ್ಲೇ.

ಶೆಡ್ಡಿನ ಬಾಗಿಲು ತೆಗೆದಾಗ...

ತೋಟದ ಗೌಡ್ರು ಒಳ್ಳೇ ಮನುಷ್ಯರು. ಕಾಫಿ ಕೊಟ್ಟು ಶೆಡ್ಡಿನ ಬಾಗಿಲು ತೆಗೆದರು. ಕೆಂಪು ಬಣ್ಣ, ಉದ್ದ ಮೂತಿ, ಎರಡೇ ಸೀಟು, ರೆಕ್ಕೆ ಬಿಚ್ಚಿದ ಹಕ್ಕಿಯಂಥ ಮಡ್‌ಗಾರ್ಡು. ಅಬ್ಬಾ! ನನ್ನ ಗೆಳೆಯನ ಮುಖ ನೋಡಬೇಕಿತ್ತು. ಮೊದಲ ಷೋ ಮೊದಲ ಟಿಕೆಟ್ ಸಿಕ್ಕವನ ಮುಖ!

ಮಿತ್ರರೇ, ಇಲ್ಲೊಂದು ವಿಷಯ ತಿಳಿದಿರಲಿ. ಇವತ್ತು ರಸ್ತೆಯಲ್ಲಿ ಎಂ.ಜಿ. ಅಂತ ಓಡಾಡುವ ದಪ್ಪ ಗಾಡಿಗಳ ಹೆಸರಿನ ಒಡೆತನ ಚೀನಾ ಕಂಪನಿಯದು. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯ ಹಳೇ ಎಂ.ಜಿ. ಅದರಲ್ಲೂ ಈ ಗಾಡಿ 'ಟಿ.ಡಿ.' ಮಾಡೆಲ್, 1950ರಿಂದ 1953ರವರೆಗೆ ತಯಾರಾದದ್ದು. 1250 ಸಿ.ಸಿ. ಇಂಜಿನ್ನು. ಒಟ್ಟು ತಯಾರಾದದ್ದು 30 ಸಾವಿರಕ್ಕೆ ಸ್ವಲ್ಪ ಕಡಿಮೆ, ಬಹುಪಾಲು ಅಮೆರಿಕಕ್ಕೇ ಹೋದವು. ಅಂದರೆ ಜಗತ್ತಿನಲ್ಲಿ ಅಪರೂಪದ ಗಾಡಿಯೇನಲ್ಲ. ಫೆರಾರಿ 250 ಜಿ.ಟಿ.ಓ. ಅಂತ ಒಂದಿದೆ, ಅದು ಬರೀ ಮೂವತ್ತಾರು ಚಿಲ್ಲರೆ. 2018ರಲ್ಲಿ ಒಂದು 4 ಕೋಟಿ 84 ಲಕ್ಷ ಡಾಲರಿಗೆ ಹೋಯ್ತು. ಅದರ ಲೆಕ್ಕ ಹಿಡಿದುಕೊಂಡು ಎಂ.ಜಿ.ಗೆ ರೇಟು ಕಟ್ಟಬಾರದು. ಇನ್ನೊಂದು ಮಾತು, ಬರೀ ಅಪರೂಪ ಅಂತ ದುಡ್ಡು ಬರೋಲ್ಲ. ಯಾರಿಗೂ ಬೇಡದ ಅಪರೂಪದ ಕಾರುಗಳೂ ಇವೆ!

ಭಾಯ್ ಕಾರನ್ನು ನೋಡಲೇ ಇಲ್ಲ. ಬಾಗಿಲ ತುದಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ಬಾಗಿಲು ಒಂದಿಂಚು ಎದ್ದಿತು. "ಒಳಗೆ ಮರ ಸತ್ತಿದೆ" ಅಂದರು.

ಮರವೇ? ನಾನೂ ಹಾಗೇ ಬೆಚ್ಚಿದೆ. ಈ ಎಂ.ಜಿ.ಗಳ ಬಾಡಿ ತಗಡಿನದಾದರೂ ಅದರ ಅಸ್ಥಿಪಂಜರ ಆಷ್ ಎಂಬ ಇಂಗ್ಲಿಷ್ ಮರದ್ದು. ಮರದ ಚೌಕಟ್ಟಿಗೆ ತಗಡು ಹೊದಿಸಿ ಮೊಳೆ ಹೊಡೆದಿರುತ್ತಾರೆ. ಮಲೆನಾಡಿನ ಮಳೆ, ಶೀತ, ಗೆದ್ದಲು... ಮರ ಪುಡಿಯಾದ ಮೇಲೆ ಹೊರಗೆ ಎಷ್ಟು ಪೇಂಟ್ ಹೊಡೆದರೂ ಹೆಣಕ್ಕೆ ಪೌಡರ್ ಹಚ್ಚಿದ ಹಾಗೆ. ಕೆಂಪು ಪೇಂಟು ಹೊಸದು, ಮೂರು ತಿಂಗಳ ಹಿಂದೆ ಹೊಡೆಸಿದ್ದು. "ಹೊಸಾ ಪೇಂಟು ಕಂಡ್ರೆ ದುಡ್ಡು ಕಮ್ಮಿ ಮಾಡಬೇಕು, ಜಾಸ್ತಿ ಅಲ್ಲ. ಯಾಕೆ ಹೊಡೆಸ್ದ ಅಂತ ಕೇಳ್ಬೇಕು" ಅಂದರು ಭಾಯ್, ನನ್ನ ಕಿವಿಯಲ್ಲಿ.

ಆಮೇಲೆ ಬಾನೆಟ್ ತೆಗೆದರು. ಒಳಗೆ ಕುಳಿತಿದ್ದದ್ದು ಅಂಬಾಸಡರ್ ಇಂಜಿನ್ನು!

ಗೌಡ್ರು ನಾಚಿಕೊಳ್ಳಲಿಲ್ಲ. "ಅದೂ ಎಂ.ಜಿ. ವಂಶದ್ದೇ ಅಂತಾರಪ್ಪ" ಅಂದರು. ಅದರಲ್ಲಿ ಸುಳ್ಳೂ ಇಲ್ಲ. ಅಂಬಾಸಡರಿನ 1489 ಸಿ.ಸಿ. ಇಂಜಿನ್ನೂ ಟಿ.ಡಿ. ಆದಮೇಲೆ ಬಂದ ಎಂ.ಜಿ.ಎ. ಕಾರಿನ ಇಂಜಿನ್ನೂ ಒಂದೇ ಬ್ರಿಟಿಷ್ ಕುಟುಂಬದ ಮಕ್ಕಳು. ನಮ್ಮ ದೇಶದಲ್ಲಿ ಬಿಡಿಭಾಗ ಸಿಗದ ಕಾಲದಲ್ಲಿ ಇಂಥ ಎಷ್ಟೋ ಗಾಡಿಗಳನ್ನು ಬದುಕಿಸಿದ್ದೇ ಅಂಬಾಸಡರ್. ಓಡೋದಕ್ಕೆ ಚೆನ್ನ. ಆದರೆ ಬೆಲೆ ಕಟ್ಟುವಾಗ, ಕಾರ್ಖಾನೆಯಿಂದ ಬಂದಾಗ ಇದ್ದ ಅದೇ ಇಂಜಿನ್ ಅದೇ ಚಾಸಿಯ ಮೇಲಿದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು.

ಭಾಯ್ ಆರ್.ಸಿ. ಪುಸ್ತಕ ಕೇಳಿದರು. ಗೌಡ್ರ ಅಪ್ಪನ ಹೆಸರಲ್ಲಿದೆ, ಅವರು ತೀರಿಕೊಂಡು ಹನ್ನೊಂದು ವರ್ಷ. ಚಾಸಿ ನಂಬರ್ 'ಟಿ.ಡಿ.' ಅಂತ ಶುರು, ಇಂಜಿನ್ ನಂಬರ್ 'ಎಕ್ಸ್.ಪಿ.ಎ.ಜಿ.' ಅಂತ ಶುರು. ಚಾಸಿ ಮೇಲೆ ಕೆತ್ತಿದ ನಂಬರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಾಳೆ ಇಟ್ಟು, ಪೆನ್ಸಿಲ್ಲಿನಲ್ಲಿ ಉಜ್ಜಿದೆವು. ಆರ್.ಟಿ.ಓ. ಆಫೀಸಿನವರು ಕೇಳುತ್ತಾರಲ್ಲ, ಅದೇ ಪೆನ್ಸಿಲ್ ಪ್ರಿಂಟು. ಪುಸ್ತಕಕ್ಕೆ ತಾಳೆಯಾಯ್ತು. (ಆಬಿಂಗ್ಡನ್‌ನ ಎಂ.ಜಿ.ಗಳ ಚಾಸಿ ನಂಬರ್ 0251ರಿಂದ ಶುರುವಾಗುತ್ತಿತ್ತು, ಯಾಕೆಂದರೆ ಆ ಕಾರ್ಖಾನೆಯ ಟೆಲಿಫೋನ್ ನಂಬರ್ 251! ಇಂಥ ತಮಾಷೆ ನಮ್ಮ ಯಾವ ಕಾರ್ಖಾನೆ ಮಾಡಿದೆ ಹೇಳಿ.) ಇಂಜಿನ್ ನಂಬರ್ ಮಾತ್ರ ಎಲ್ಲಿಂದ ತಾಳೆಯಾಗಬೇಕು?

ಇದು ಬರೀ ಶೋಕಿಯ ಪ್ರಶ್ನೆ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಪ್ರತ್ಯೇಕ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ನು ಮೂಲ ರೂಪದಲ್ಲಿರಬೇಕು, ಆಗ 'ವಿ.ಎ.' ಅಕ್ಷರದ ನಂಬರ್ ಪ್ಲೇಟು. ಹೊಸ ನೋಂದಣಿಗೆ ಫೀಸು 20 ಸಾವಿರ. ಆದರೆ ಅಂಥ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ ಹೋಗಬಹುದು. ನನ್ನ ಗೆಳೆಯನ ಷೂಟಿಂಗ್ ಬಾಡಿಗೆ, ಮದುವೆ ಬಾಡಿಗೆ ಲೆಕ್ಕ ಅಲ್ಲೇ ಠುಸ್!

ಹೀರೋ ಕೂತಿದ್ದರೇ?

18 ಲಕ್ಷದಲ್ಲಿ ಐದು ಲಕ್ಷವಾದರೂ ಆ ಹೀರೋ ಹೆಸರಿನದು ಅಂತ ಗೌಡ್ರ ಮಾತಿನಲ್ಲೇ ಗೊತ್ತಾಯಿತು. ಇದು ನನ್ನ ಡಿಪಾರ್ಟ್‌ಮೆಂಟು.

ತಾರೆಯ ಸ್ಪರ್ಶಕ್ಕೆ ಬೆಲೆ ಇರೋದು ನಿಜ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಹರಾಜಾಯಿತು. ಫ್ರಾನ್ಸಿನ ಸುಂದರಾಂಗ ಅಲೆನ್ ಡೆಲಾನ್ ಹತ್ತಿರ ಹಿಂದೊಮ್ಮೆ ಇದ್ದ ಕಾರು. ಹಳ್ಳಿಯ ಶೆಡ್ಡೊಂದರಲ್ಲಿ, ಹಳೇ ಪತ್ರಿಕೆಗಳ ರಾಶಿಯ ಕೆಳಗೆ ಸಿಕ್ಕಿತ್ತು. (ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನು ತೂಕಕ್ಕೆ ಹಾಕುವವರು ಒಮ್ಮೆ ಕೆಳಗೆ ನೋಡಿ!) ಧೂಳು ಕೂಡ ಒರೆಸದೆ ಮಾರಿದರು. 1 ಕೋಟಿ 63 ಲಕ್ಷ ಯೂರೋ, ಅಂದರೆ ನಮ್ಮ ನೂರು ಕೋಟಿಗೂ ಮೇಲೆ. ಆದರೆ ಅಲ್ಲಿ ಡೆಲಾನ್ ಆ ಕಾರಿನಲ್ಲಿ ಜೇನ್ ಫಾಂಡಾ ಜೊತೆ ಕೂತಿರುವ ಫೋಟೋ ಇತ್ತು. ಮಸ್ಟಾಂಗಿಗೆ ಮೆಕ್ವೀನನ ಕಾಗದ ಇತ್ತು, ಷೂಟಿಂಗಿಗೆ ಕ್ಯಾಮರಾ ಕೂರಿಸಲು ಕಾರಿನಡಿಯಲ್ಲಿ ಬೆಸುಗೆ ಹಾಕಿದ ಗುರುತು ಇತ್ತು. ಆ ಮಾಲೀಕ ಚೊಕ್ಕವಾಗಿ ರಿಪೇರಿ ಮಾಡಿಸಿ ಆ ಗುರುತುಗಳನ್ನೆಲ್ಲ ಕಿತ್ತುಹಾಕಿದ್ದರೆ ಕೋಟಿಗಳೇ ಹೋಗುತ್ತಿದ್ದವು.

'ಬುಲಿಟ್'ಗೆ ಇನ್ನೊಂದು ಮಸ್ಟಾಂಗ್ ಕೂಡ ಇತ್ತು, ಜಿಗಿತದ ದೃಶ್ಯಗಳಿಗೆ ಬಳಸಿ ಮೈಮುರಿಸಿಕೊಂಡದ್ದು. ಅದು ದಶಕಗಳ ಮೇಲೆ ಮೆಕ್ಸಿಕೋದ ಗುಜರಿಯಲ್ಲಿ ಬಿಳೀ ಬಣ್ಣ ಬಳಿದುಕೊಂಡು ಬಿದ್ದಿತ್ತು. ಕೊಂಡವರು ಅದನ್ನು ಬೇರೊಂದು ಚಿತ್ರದ ಕಾರಿನ ನಕಲು ಮಾಡಲು ಹೊರಟಿದ್ದರು! ನಂಬರ್ ಪರೀಕ್ಷಿಸಿ, ಫೋರ್ಡ್ ಕಂಪನಿಯ ಹಳೇ ದಾಖಲೆಗೆ ತಾಳೆ ಹಾಕಿದಾಗ ಗುಟ್ಟು ಹೊರಬಂತು. ನಕಲಾಗಲು ಹೊರಟಿದ್ದ ಅಸಲಿ!

ಆ ರಾತ್ರಿ ಮೂಡಿಗೆರೆ ಲಾಡ್ಜಿನಲ್ಲಿ ಕೂತು ಗೌಡ್ರು ಹೇಳಿದ ಪಿಕ್ಚರನ್ನು ಮೊಬೈಲಿನಲ್ಲಿ ಎರಡು ಸಲ ಹಾಕಿದೆವು. ಹೆಸರು ಬೇಡ, ಆ ಹೀರೋ ಅಭಿಮಾನಿಗಳು ನನ್ನ ಮೇಲೆ ಬಂದಾರು. ಕಾರು ಬಂತು, ಹೀರೋ ಇಳಿದರು, ನಾನು ತಟ್ಟನೆ ನಿಲ್ಲಿಸಿದೆ. ಚಕ್ರ ನೋಡಿ ಭಾಯ್ ನಕ್ಕರು. ಸೈಕಲ್ಲಿನಂತೆ ಕಡ್ಡಿ ಕಡ್ಡಿ ಇರುವ, ಎತ್ತರದ, ಸಣಕಲು ಚಕ್ರ. ಮುಂದೆ ಬಂಪರ್ ಇಲ್ಲ. ಅದು 'ಟಿ.ಸಿ.' ಮಾಡೆಲ್, ಟಿ.ಡಿ.ಗಿಂತ ಹಿಂದಿನದು, 1945ರಿಂದ 1949ರದ್ದು. 'ಲವ್ ಸ್ಟೋರಿ' ಇಂಗ್ಲಿಷ್ ಚಿತ್ರದಲ್ಲಿ ರಯಾನ್ ಓನೀಲ್ ಓಡಿಸುತ್ತಾನಲ್ಲ, ಆ ಜಾತಿ. ಶೆಡ್ಡಿನಲ್ಲಿರುವ ಟಿ.ಡಿ.ಗೆ ತಟ್ಟೆಯಂಥ ಚಿಕ್ಕ ಚಕ್ರ, ಮುಂದೆ ಬಂಪರ್. ಇನ್ನೊಂದು ಷಾಟಿನಲ್ಲಿ ನಂಬರ್ ಪ್ಲೇಟೂ ಕಂಡಿತು. ಬೇರೆಯೇ ನಂಬರು.

ಬೆಳಿಗ್ಗೆ ಗೌಡ್ರಿಗೆ ಮೊಬೈಲ್ ತೋರಿಸಿದೆ. ಮೂರು ಸಲ ನೋಡಿದರು. "ಅಪ್ಪ ಹೇಳ್ತಿದ್ರು ಕಣಪ್ಪಾ... ನಾನು ಚಿಕ್ಕವನಿದ್ದಾಗಿಂದ ಹೇಳ್ತಿದ್ರು" ಅಂದು ಸುಮ್ಮನಾದರು. ಮೋಸದ ಮನುಷ್ಯ ಅಲ್ಲ. ಮನೆಯ ಕತೆಯನ್ನು ನಂಬಿದ್ದರು, ಅಷ್ಟೇ. ನನಗೆ ಯಾಕಾದರೂ ತೋರಿಸಿದೆನೋ ಅನ್ನಿಸಿತು.

ಗೊಬ್ಬರದ ಮೂಟೆಯ ಕೆಳಗೆ

ಭಾಯ್ ಲೆಕ್ಕ ಹೀಗಿತ್ತು. ಮರ, ಇಂಜಿನ್, ಒಳಾಂಗಣ ಎಲ್ಲ ಸರಿಯಿರುವ ಟಿ.ಡಿ. ಆಗಿದ್ದರೆ 20 ಲಕ್ಷದವರೆಗೆ ಯೋಚಿಸಬಹುದಿತ್ತು. ಮರ, ಬಾಡಿ ಕೆಲಸಕ್ಕೆ 4 ಲಕ್ಷ ಕಳಿ. ಇಂಗ್ಲೆಂಡಿನಿಂದ ಇಂಜಿನ್ ತರಿಸಿ ಸುಂಕ ಕಟ್ಟಿ ಕೂರಿಸೋಕೆ 4. ವೈರಿಂಗ್, ಸೀಟು, ಟೈರು, ಮತ್ತೆ ಪೇಂಟು, ಎಲ್ಲ ಸೇರಿ 3. ಅಪ್ಪನ ಹೆಸರಿನ ಪುಸ್ತಕ, ವಾರಸುದಾರರ ಸಹಿ, ಆ ತಲೆನೋವಿಗೆ 1. ಉಳಿದದ್ದು 8. ಹೀರೋಗೆ ಸೊನ್ನೆ. ಇದು ಆ ಒಂದು ಗಾಡಿಯ ಲೆಕ್ಕ, ನಿಮ್ಮ ಮಾವನ ಫಿಯಟ್ಟಿಗೆ ಹಾಕಬೇಡಿ.

ಹೊರಡೋ ಮುಂಚೆ ಭಾಯ್ ಬೀಡಿ ಹಚ್ಚೋಕೆ ಶೆಡ್ಡಿನ ಹಿಂದೆ ಹೋದವರು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಗೊಬ್ಬರದ ಮೂಟೆ ಪೇರಿಸಿದ್ದ ಹಲಗೆಗೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮಣ್ಣು ಮೆತ್ತಿದ ಕಬ್ಬಿಣದ ಮುದ್ದೆ ಆಧಾರ ಕೊಟ್ಟಿದ್ದರು. ಭಾಯ್ ಉಗುರಿನಲ್ಲಿ ಮಣ್ಣು ಕೆರೆದರು. ಎಂಟು ಮೂಲೆಯ ಪುಟ್ಟ ಹಿತ್ತಾಳೆ ತಗಡು. ಅದರ ಮೇಲೆ ಎಕ್ಸ್.ಪಿ.ಎ.ಜಿ., ಮುಂದೆ ನಂಬರು. ನಾನು ಆರ್.ಸಿ. ಪುಸ್ತಕದ ಫೋಟೋ ತೆಗೆದು ನೋಡಿದೆ. ಒಂದೊಂದು ಅಂಕಿಯೂ ಅದೇ!

ನನ್ನ ಗೆಳೆಯ ಕಿವಿಯ ಹತ್ತಿರ ಬಂದ. "ಸುಮ್ನಿರೋ. ಗುಜರಿ ಅಂತ ಐನೂರು ಕೊಟ್ಟು ಎತ್ಕೊಂಡ್ ಹೋಗೋಣ. ಎಂಟಕ್ಕೆ ಮುಗಿಸಿದ್ರೆ..." ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸಿನಲ್ಲೂ ಅದೇ ಓಡುತ್ತಿತ್ತು. ಅವನಪ್ಪನ ಸೈಟಿನ ದುಡ್ಡು. ಗೌಡ್ರಿಗೆ ಕಾಫಿ ತೋಟ ಇದೆ.

ಭಾಯ್ ಎದ್ದು ನಿಂತು ಕೂಗಿದರು. "ಗೌಡ್ರೇ, ಬನ್ನಿ ಇಲ್ಲಿ. ನಿಮ್ಮ ತಂದೆಯೋರ ಇಂಜಿನ್ ಇಲ್ಲಿದೆ!"

ಗೆಳೆಯ ತಲೆ ಮೇಲೆ ಕೈ ಹೊತ್ತ. ಗೌಡ್ರು ಬಂದು ನೋಡಿ, ಆ ತಗಡನ್ನು ಪಂಚೆಯ ತುದಿಯಲ್ಲಿ ಒರೆಸಿ, ನಕ್ಕು, ಇನ್ನೊಂದು ರೌಂಡು ಕಾಫಿ ತರಿಸಿ, "ಹಾಗಾದ್ರೆ 20 ಲಕ್ಷ" ಅಂದರು!

ಅಲ್ಲಿಂದ ಮಧ್ಯಾಹ್ನದ ಊಟದವರೆಗೂ ಜಗ್ಗಾಟ. ಬ್ಲಾಕು ಸಿಕ್ಕಿತು, ಆದರೆ ಅದರ ಹೆಡ್ ಇಲ್ಲ, ಕ್ರ್ಯಾಂಕು ಇಲ್ಲ, ಕಾರ್ಬ್ಯುರೇಟರ್ ಇಲ್ಲ, ಬ್ಲಾಕು ಬಿರುಕು ಬಿಟ್ಟಿದೆಯೋ ಇಲ್ಲವೋ ತೊಳೆದು ನೋಡಬೇಕು. ಬರೀ ಬ್ಲಾಕಿಗೆ ಭಾಯ್ ಒಂದು ಲಕ್ಷ ಸೇರಿಸಿದರು, 9 ಅಂದರು. ಗೌಡ್ರು 14ಕ್ಕೆ ಇಳಿದರು, 12, 11... ಹೀರೋ ಕತೆ ಮತ್ತೆ ಎತ್ತಲಿಲ್ಲ. ಕೊನೆಗೆ ಒಂಬತ್ತೂಮುಕ್ಕಾಲು. ಅರ್ಧ ಈಗ, ಗೌಡ್ರ ಇಬ್ಬರು ತಂಗಿಯರೂ ಸಹಿ ಹಾಕಿ ಹೆಸರು ಬದಲಾದ ಮೇಲೆ ಉಳಿದರ್ಧ. ಕರಾರಿನಲ್ಲಿ ಬ್ಲಾಕಿನ ನಂಬರನ್ನೂ ಬರೆಸಿದೆವು. "ಮುಚ್ಚಿಟ್ಟು ತಂದಿದ್ರೆ ಈ ಸಾಲು ಬರೆಸೋಕಾಗ್ತಿತ್ತಾ? ನಾಳೆ ಆರ್.ಟಿ.ಓ. ಕೇಳಿದ್ರೆ ಎಲ್ಲಿಂದ ಬಂತು ಅಂತೀಯ?" ಅಂತ ಭಾಯ್ ಆಮೇಲೆ ಬಸ್ಸಿನಲ್ಲಿ ಗೆಳೆಯನಿಗೆ ಬೈದರು. ಅವನ ಅಪ್ಪ ಮಾತ್ರ ಎರಡು ತಿಂಗಳು ಅವನ ಜೊತೆ ಮಾತಾಡಲಿಲ್ಲ.

ಈಗ ಗಾಡಿ ಬೆಂಗಳೂರಿನ ಶೆಡ್ಡೊಂದರಲ್ಲಿ ಬಿಚ್ಚಿಕೊಂಡು ಮಲಗಿದೆ. ಬಡಗಿ ಹೊಸ ಚೌಕಟ್ಟು ಕೆತ್ತುತ್ತಿದ್ದಾನೆ. ಆಷ್ ಮರ ಇಲ್ಲಿ ಸಿಗಲಿಲ್ಲ, ತೇಗ ಹಾಕಿದ್ದಾರೆ. ಗಟ್ಟಿಯೇನೋ ಹೌದು, ಆದರೆ ಮುಂದೆ ಮಾರುವಾಗ ತಿಳಿದವರು ಅದಕ್ಕೂ ಒಂದಿಷ್ಟು ಕಳೆಯುತ್ತಾರೆ. ಬ್ಲಾಕು ತೊಳೆದು ನೋಡಿದರು, ಬಿರುಕಿಲ್ಲ. ಕ್ರ್ಯಾಂಕು ಪುಣೆಯಲ್ಲಿ ಸಿಕ್ಕಿತು. ಹೆಡ್ ಮಾತ್ರ ಇನ್ನೂ ಸಿಕ್ಕಿಲ್ಲ. ನಿಮ್ಮ ಊರಿನ ಯಾವುದಾದರೂ ತೋಟದ ಶೆಡ್ಡಿನಲ್ಲಿ, ಹಲಗೆಯ ಕೆಳಗೋ ಕೋಳಿಗೂಡಿನ ಮೇಲೋ ಅಂಥದ್ದು ಕಂಡರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಮಾಲೀಕರಿಗೂ ತಿಳಿಸಿಯೇ ಹಾಕಿ.